ಎರಡನೇ ಡಿಕಾಕ್ಷನ್

ದುರ್ಗಿಗುಡಿಯ ಅಂಗಡಿಯಲ್ಲಿ ಮೂರು ಯಂತ್ರ ಸಾಲಾಗಿ ಕೂತಿವೆ
ಹೆಣ್ಣು ನೋಡಲು ಬಂದವರೆದುರು ಕೂತ ಅಕ್ಕತಂಗಿಯರ ಹಾಗೆ
ಮೈ ಒರೆಸಿಕೊಂಡು, ತಲೆ ತಗ್ಗಿಸಿ.
ಈ ಪರೀಕ್ಷೆಯಲ್ಲಿ ನಾನೂ ಒಮ್ಮೆ ಪಾಸಾದವಳೇ.
ಅವತ್ತು ಟ್ರೇಯಲ್ಲಿ ತುಳುಕದೆ ಬಂದದ್ದೂ ಕಾಫಿಯೇ.

ತೌಸೀಫ್ ಅಂತ ಹುಡುಗ, ಗಡ್ಡ ಇನ್ನೂ ಪೂರ್ತಿ ಕೂಡಿಲ್ಲ,
ಹತ್ತೊಂಬತ್ತು ಬಾರ್ ಒತ್ತಡ ಮೇಡಂ, ಅನ್ನುತ್ತಾನೆ.
ನಾನು ಕಂಡ ಒತ್ತಡಕ್ಕೆ ಯಾರೂ ಅಂಕಿ ಬರೆದಿರಲಿಲ್ಲ.
ಇದಕ್ಕೆ ಹಾಲು ನೊರೆ ಬರಿಸುವ ಲೋಟ ಬರುತ್ತೆ, ಅದಕ್ಕಿಲ್ಲ.
ಈ ಕೆಂಪಿನದು ತನ್ನ ಕಂಪನಿಯ ಪಾಡನ್ನಷ್ಟೇ ಒಳಗೆ ಬಿಟ್ಟುಕೊಳ್ಳುತ್ತೆ,
ಬೇರೆಯವರದು ಇಟ್ಟರೆ ಬಾಯೇ ಮುಚ್ಚಲ್ಲ.
ಅತ್ತೆಯ ಮಡಿ ನೆನಪಾಗಿ ನಕ್ಕೆ.
ಯಾಕೆಂದು ತಿಳಿಯದೆ ಅವನೂ ನಕ್ಕ.

ಪಾಡೊಂದಕ್ಕೆ ಮೂವತ್ತೆಂಟು ರೂಪಾಯಿ.
ಅಂಚೆ ಕಚೇರಿಗೆ ಆರ್‌ಡಿ ಕಟ್ಟಿಸುವ ಏಜೆಂಟು ನಾನು,
ವಿನೋಬನಗರದ ಯಾವ ಮನೆ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ
ಎಲ್ಲ ಗೊತ್ತು. ಲೆಕ್ಕ ಬೆರಳ ತುದಿಯಲ್ಲಿ:
ದಿನಕ್ಕೆರಡು, ತಿಂಗಳಿಗೆ ಅರವತ್ತು,
ಎರಡು ಸಾವಿರದ ಇನ್ನೂರ ಎಂಬತ್ತು.
ಎಂಬತ್ತು-ಇಪ್ಪತ್ತರ ಪುಡಿ ಮೂರು ಕೆ.ಜಿ. ಬರುತ್ತಿತ್ತು.

ಯಜಮಾನರು ಫೋನಿನಲ್ಲೇ ಗದರಿದರು:
ಕೊಪ್ಪದ ಕಡೆ ಗುಡ್ಡಗುಡ್ಡವೇ ಕಾಫಿ,
ನೀನು ಇಟಲಿ ಡಬ್ಬಿಗೆ ದುಡ್ಡು ಸುರಿ.
ಬಾವಿಕಟ್ಟೆ ಮೇಲೆ ಕೂತು ಬಾಟಲಿ ನೀರು ಕುಡಿದ ಹಾಗಾಯ್ತು.
ಸರಿಯಾದ ಮಾತು.
ಅವರ ಮಾತು ಸರಿಯಿರುವುದು ಹೊಸದೇನಲ್ಲ.

ನಾನು ಕೇಳಬೇಕಿದ್ದದ್ದು ಒಂದೇ:
ಇದರಲ್ಲಿ ಎರಡನೇ ಡಿಕಾಕ್ಷನ್ ಬರುತ್ತದಾ?
ಹುಡುಗ ಕಣ್ಣು ಕಿರಿದು ಮಾಡಿದ.

ಹೇಗೆ ಹೇಳಲಿ ಇವನಿಗೆ. ಹಿತ್ತಾಳೆ ಫಿಲ್ಟರು, ಬೆಳಗಿನ ಐದೂವರೆ.
ಮೊದಲು ಇಳಿದದ್ದು ಮಾವನವರಿಗೆ, ಆಮೇಲೆ ಇವರಿಗೆ, ಮೈದುನನಿಗೆ,
ಬಂದ ನೆಂಟರಿಗೆ, ಒಮ್ಮೆ ಮೀಟರ್ ಓದಲು ಬಂದವನಿಗೆ ಕೂಡ.
ಅದೇ ಸೊರಗಿದ ಪುಡಿಯ ಮೇಲೆ ಮತ್ತೆ ಬಿಸಿನೀರು ಹೊಯ್ದು
ಮುಚ್ಚಳ ತಟ್ಟಿ ತಟ್ಟಿ ಇಳಿಸಿದ ತೆಳು ಕಂದು ನೀರು
ಅತ್ತೆಗೆ, ಓರಗಿತ್ತಿ ಸುಮಿತ್ರೆಗೆ, ನನಗೆ.
ಹೀಗೇ ಎಂದು ಯಾರೂ ಹೇಳಿರಲಿಲ್ಲ.
ಫಿಲ್ಟರಿಗೇ ಗೊತ್ತಿತ್ತು.
ಹೆಂಗಸರಿಗೆ ಗಟ್ಟಿ ಆಗಲ್ಲ, ಪಿತ್ತ, ಅನ್ನುತ್ತಿದ್ದರು ಅತ್ತೆ.
ಕೊನೆಯ ವಾರ ಆಸ್ಪತ್ರೆಯಲ್ಲಿ ಕ್ಯಾಂಟೀನಿನದು ತಂದುಕೊಟ್ಟೆ.
ಎಂಥದಿದು ಮಾರಾಯ್ತಿ, ವಿಷದ ಹಾಗೆ ಕಹಿ, ಅಂದರು.
ಅಂದು, ಲೋಟ ನನ್ನತ್ತ ನೀಡಿ,
ಇನ್ನೊಂದು ಇದೆಯಾ ಅಂದರು.

ತೌಸೀಫ್ ಪಾಡಿಟ್ಟು ಹಿಡಿ ಒತ್ತಿದ. ಯಂತ್ರ ಗುರುಗುಟ್ಟಿತು,
ಹಲ್ಲಿನ ಡಾಕ್ಟರ ಕುರ್ಚಿಯ ಪಕ್ಕದ ಸದ್ದು.
ಒಂದಕ್ಕೆ ಒಂದೇ ಲೋಟ ಮೇಡಂ, ಆಮೇಲೆ ಕೆಳಗಿನ ಡಬ್ಬಿಗೆ ಬಿದ್ದುಹೋಗುತ್ತೆ.
ತಪ್ಪೊಪ್ಪಿಕೊಂಡವನ ದನಿ.
ಅದೊಂದು ಬಿಟ್ಟರೆ ಒಳ್ಳೇ ಮಷೀನು.

ಕಪ್ಪನೆಯ ಚಿಕ್ಕದನ್ನು ಕಟ್ಟಿಸಿದೆ. ನೊರೆ ಲೋಟ ಬೇಡ.
ಕಂತೂ ಬೇಡ, ಕಮಿಷನ್ ದುಡ್ಡು, ಎಣಿಸಿಕೊಟ್ಟೆ.

ಮರುದಿನ ಮೊದಲ ಲೋಟ ನನ್ನದು.
ಎದೆ ಢವಗುಟ್ಟಿತು; ಪಿತ್ತದ ಮಾತು ನಿಜವಿರಬೇಕು.
ಯಜಮಾನರು ಹಿಂದೆ ನಿಂತಿದ್ದರು, ಕೈಯಲ್ಲಿ ಖಾಲಿ ಲೋಟ,
ರೇಷನ್ ಸಾಲಿನಲ್ಲಿ ನಿಂತಷ್ಟೇ ಸಮಾಧಾನದಿಂದ.
ಕಷಾಯ, ಅಂದರು. ಪೂರ್ತಿ ಕುಡಿದರು.

ಮೂರನೇ ವಾರ ಕೊರಿಯರ್ ಬರಲಿಲ್ಲ.
ಮಧ್ಯಾಹ್ನ ಡಬ್ಬಿಗೆ ಕೈ ಹಾಕಿ ಹಳೆಯ ಪಾಡೊಂದನ್ನು ತೆಗೆದೆ,
ತೂತು ಬಿದ್ದದ್ದು, ತಣ್ಣಗಿದ್ದದ್ದು. ಇಟ್ಟೆ. ಒತ್ತಿದೆ.
ನಿಂತೇ ಕುಡಿದೆ.
ಆಮೇಲೆ ಸುಮಿತ್ರೆಗೆ ಫೋನ್ ಮಾಡಿದೆ, ಸಾಗರಕ್ಕೆ:
ಬರುತ್ತದೆ ಕಣೇ, ಇದರಲ್ಲೂ ಬರುತ್ತದೆ.
ಅವಳು ತುಸು ಹೊತ್ತು ಸುಮ್ಮನಿದ್ದಳು.
ಒತ್ತಿದ್ದು ಯಾಕೆ, ಅಂದಳು.